ಒತ್ತುವರಿದಾರರು ಯಾರು?

ರಾಷ್ಟ್ರೀಯ ಉದ್ಯಾನ ಅಂದರೆ ಪೇಟೆ ಜನಕ್ಕೆ ಆನೆ, ಹುಲಿ, ಸಫಾರಿ ನೆನಪಾಗುತ್ತವೆ. ನಾಗರಹೊಳೆಯ ಜೇನುಕುರುಬರಿಗೆ ನೆನಪಾಗುವುದು ಬಿಟ್ಟುಬಂದ ಹಾಡಿ, ಹಿರಿಯರನ್ನು ಹೂತ ಜಾಗ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಉದ್ಯಾನದೊಳಗೆ ದನ ಮೇಯಿಸಬಾರದು ಅಂತ ಹೇಳಿತು. ಅಲ್ಲಿದ್ದವರ ಹಕ್ಕುಗಳನ್ನು ವಿಚಾರಿಸಿ ತೀರ್ಮಾನಿಸಬೇಕು ಅಂತಲೂ ಹೇಳಿತು. ಅಧಿಕಾರಿಗಳಿಗೆ ಮೊದಲ ಮಾತು ಮಾತ್ರ ಕೇಳಿಸಿತು. ಕಾಡಿನಿಂದ ಹೊರಬಿದ್ದ ಎಷ್ಟೋ ಜನ ಕೊಡಗಿನ ಕಾಫಿ ತೋಟಗಳ ಲೈನ್ ಮನೆ ಸೇರಿ ಕೂಲಿಗಳಾದರು.

ಅದೇ ನಾಗರಹೊಳೆಯ ಮೂರ್ಕಲ್ಲಿನಲ್ಲಿ, 1990ರ ದಶಕದಲ್ಲಿ, ಸರ್ಕಾರವೇ ತಾಜ್ ಗುಂಪಿನ ಹೋಟೆಲ್ ಕಂಪನಿಗೆ ಜಾಗ ಗುತ್ತಿಗೆ ಕೊಟ್ಟಿತು. ಸೌದೆ ಆಯುವ ಹೆಂಗಸು ಕಳ್ಳಿ, ಹೋಟೆಲು ನಡೆಸುವ ಸಾಹುಕಾರ ಅತಿಥಿ! ಇದನ್ನು ಬೀದಿಯಲ್ಲೂ ಕೋರ್ಟಿನಲ್ಲೂ ಎದುರಿಸಿದವರು ಆದಿವಾಸಿಗಳೇ. ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡನ್ನು ಬೇರೆ ಕೆಲಸಕ್ಕೆ ಕೊಡಬಾರದೆಂಬ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯನ್ನೇ ಹಿಡಿದು, 1997ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು.

ಆದ್ದರಿಂದ ಕಾಯ್ದೆ ಬೇಡ ಅಂತ ನಾವು ಹೇಳುವುದಿಲ್ಲ. ಗಣಿ, ರೆಸಾರ್ಟು, ಎಸ್ಟೇಟುಗಳ ಒತ್ತುವರಿ ತಡೆಯಲು ಅದು ಇರಲೇಬೇಕು. ಆದರೆ ಕಾಡಿನಲ್ಲೇ ಹುಟ್ಟಿದವನನ್ನೂ ಒತ್ತುವರಿದಾರ ಅನ್ನುವುದು ಯಾವ ನ್ಯಾಯ?

2006ರ ಅರಣ್ಯ ಹಕ್ಕು ಕಾಯ್ದೆ ರಾಷ್ಟ್ರೀಯ ಉದ್ಯಾನಗಳಿಗೂ ಅನ್ವಯಿಸುತ್ತದೆ. ಹಕ್ಕಿನ ಅರ್ಜಿ ಪರಿಶೀಲನೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆದರೂ 2019ರ ಫೆಬ್ರವರಿ 13ರಂದು, ಅರ್ಜಿ ತಿರಸ್ಕೃತವಾದವರನ್ನು ತೆರವು ಮಾಡಿ ಎಂದು ಸುಪ್ರೀಂ ಕೋರ್ಟು ಆದೇಶಿಸಿತು. ದೇಶದ ತುಂಬ ಕೂಗೆದ್ದಿತು. ಅದೇ 28ರಂದು ಆ ಆದೇಶಕ್ಕೆ ಕೋರ್ಟೇ ತಡೆ ಕೊಟ್ಟಿತು. 2025ರ ಮೇ ತಿಂಗಳಲ್ಲಿ ನಾಗರಹೊಳೆಯ ಕರಡಿಕಲ್ಲಿನ ಜೇನುಕುರುಬ ಕುಟುಂಬಗಳು ತಮ್ಮ ಹಳೇ ಹಾಡಿಗೆ ವಾಪಸು ಹೋಗಿ ಗುಡಿಸಲು ಹಾಕಿದವು.

ಹಾಸ್ಟೆಲಿನ ಗೆಳೆಯರೆ, ಕಾಗದ ಇಲ್ಲ ಅಂತ ಅರ್ಜಿ ತಳ್ಳಿಹಾಕುವುದು ನಮಗೆ ಹೊಸದಲ್ಲ. ನಮ್ಮ ಅಪ್ಪಂದಿರು ದರಖಾಸ್ತು ಜಮೀನಿಗೆ ತಾಲ್ಲೂಕು ಕಚೇರಿಗೆ ಅಲೆದಾಗ ಕೇಳಿದ್ದೂ ಇದೇ ಮಾತು. ಅರಣ್ಯ ಹಕ್ಕಿನ 13ನೇ ನಿಯಮ ಓದಿ. ಹಿರಿಯರ ಹೇಳಿಕೆ ಬರೆದುಕೊಂಡರೆ ಅದು ಸಾಕ್ಷಿ. ಸಮುದಾಯದ ಹಕ್ಕಿಗೆ ಹೂತ ಜಾಗವೂ ಸಾಕ್ಷಿ. ಬರೆದುಕೊಳ್ಳುವವರು ಬೇಕು. ಈ ರಜೆಯಲ್ಲಿ ನಿಮ್ಮ ಹಾಸ್ಟೆಲಿನ ಆದಿವಾಸಿ ಹುಡುಗರ ಜತೆ ಅವರ ಹಾಡಿಗೆ ಹೋಗಿ. ಪೆನ್ನು, ಪುಸ್ತಕ ಒಯ್ಯಿರಿ. ಅಜ್ಜಿಯರು ಹೇಳುವುದನ್ನು ಬರೆದು ಗ್ರಾಮಸಭೆಯ ಮುಂದಿಡಿ.

ಜೈ ಭೀಮ್.