ಜ್ಞಾನದಾಸೋಹವೂ ಊರಿನ ಹೊಣೆಯೂ

ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದ ಹೆಸರು ಕೇಳದ ಮನೆ ನಮ್ಮಲ್ಲಿ ವಿರಳ. ಆದರೆ ಅನ್ನಕ್ಕೂ ಅಕ್ಷರಕ್ಕೂ ಒಂದು ಅಂತರವುಂಟು. ಉಂಡವನ ಹಸಿವು ಆ ಹೊತ್ತಿಗೆ ತಣಿಯುತ್ತದೆ; ಓದಿದವನ ಹಸಿವು ಮತ್ತಷ್ಟು ಬೆಳೆಯುತ್ತದೆ. ಆದುದರಿಂದ ಗ್ರಂಥಾಲಯ ಕಟ್ಟಿಸಿದವರ ಕಾರ್ಯ ಉದ್ಘಾಟನೆಯಂದು ಮುಗಿಯುವುದಿಲ್ಲ, ಅಂದಿನಿಂದಲೇ ಮೊದಲಾಗುತ್ತದೆ.

ಇದನ್ನು ಚೆನ್ನಾಗಿ ಅರಿತಿದ್ದ ದಾನಿ ಆಂಡ್ರ್ಯೂ ಕಾರ್ನೆಗಿ. 1835ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ಊರಿನಲ್ಲಿ ನೇಕಾರನ ಮಗನಾಗಿ ಹುಟ್ಟಿದವನು. ಯಂತ್ರದ ಮಗ್ಗಗಳು ಬಂದು ಕೈಮಗ್ಗಕ್ಕೆ ಕೆಲಸವಿಲ್ಲದಾದಾಗ, 1848ರಲ್ಲಿ ಆ ಕುಟುಂಬ ಅಮೆರಿಕೆಗೆ ವಲಸೆ ಹೋಯಿತು. ಬಾಲಕ ಹತ್ತಿಯ ಗಿರಣಿಯಲ್ಲಿ ವಾರಕ್ಕೆ 1 ಡಾಲರ್ 20 ಸೆಂಟ್ ಕೂಲಿಗೆ ದುಡಿದನು. ಅಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬ ಹಿರಿಯರು ಸುಮಾರು 400 ಪುಸ್ತಕಗಳ ತಮ್ಮ ಸ್ವಂತ ಭಂಡಾರವನ್ನು ಶನಿವಾರಗಳಂದು ದುಡಿಯುವ ಹುಡುಗರಿಗೆ ತೆರೆದಿಡುತ್ತಿದ್ದರು. ಆ ಬಾಗಿಲಿನ ಋಣವನ್ನು ಕಾರ್ನೆಗಿ ಮರೆಯಲಿಲ್ಲ. ಉಕ್ಕಿನ ಉದ್ಯಮದಿಂದ ಸಿರಿವಂತನಾದ ಮೇಲೆ 1883ರಲ್ಲಿ ಹುಟ್ಟೂರಿನಲ್ಲಿ ಆತನ ಮೊದಲ ಗ್ರಂಥಾಲಯ ತೆರೆಯಿತು. ಆತನಿಂದಲೂ 1911ರಲ್ಲಿ ಆತ ಸ್ಥಾಪಿಸಿದ ನ್ಯೂಯಾರ್ಕಿನ ಕಾರ್ನೆಗಿ ಕಾರ್ಪೊರೇಷನ್ ಎಂಬ ಧರ್ಮಸಂಸ್ಥೆಯಿಂದಲೂ ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಗ್ರಂಥಾಲಯಗಳು ಎದ್ದವು.

ಸಂಖ್ಯೆಗಿಂತ ಆತನ ಕರಾರು ದೊಡ್ಡದು. ನೆರವು ಬೇಡುವ ಊರು ನಿವೇಶನ ಕೊಡಬೇಕು. ಅಲ್ಲದೆ ಅನುದಾನದ ಹತ್ತನೆಯ ಒಂದು ಪಾಲನ್ನು ವರ್ಷ ವರ್ಷವೂ ತನ್ನ ತೆರಿಗೆಯಿಂದ ಗ್ರಂಥಾಲಯಕ್ಕೆ ವಿನಿಯೋಗಿಸುವೆನೆಂದು ವಚನ ಕೊಡಬೇಕು. 10,000 ಡಾಲರಿನ ಕಟ್ಟಡವಾದರೆ ವರ್ಷಕ್ಕೆ 1,000 ಡಾಲರು. ಕಟ್ಟಡ ದಾನಿಯದು, ಪುಸ್ತಕ, ಸಂಬಳ, ದೀಪ ಊರಿನದು. ಆದರೂ ಅನೇಕ ಊರುಗಳು ವಚನಕ್ಕೆ ತಪ್ಪಿದವು. ಆಲ್ವಿನ್ ಜಾನ್ಸನ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿದ ಪರಿಶೀಲನೆಯಲ್ಲಿ, ಕಟ್ಟಡಕ್ಕಿಂತ ನುರಿತ ಗ್ರಂಥಪಾಲಕರ ಕೊರತೆಯೇ ಹೆಚ್ಚೆಂಬುದು ಕಂಡುಬಂದಿತು. 1917ರಲ್ಲಿ ಸಂಸ್ಥೆಯು ಹೊಸ ಕಟ್ಟಡಗಳ ಅನುದಾನವನ್ನು ನಿಲ್ಲಿಸಿ, ಮುಂದೆ ಗ್ರಂಥಪಾಲಕರ ಶಿಕ್ಷಣದತ್ತ ತಿರುಗಿತು.

ಇನ್ನೊಂದು ಮಾತನ್ನು ಮುಚ್ಚಿಡಲಾಗದು. 1892ರಲ್ಲಿ ಹೋಮ್‌ಸ್ಟೆಡ್ ಎಂಬಲ್ಲಿನ ಆತನ ಉಕ್ಕಿನ ಕಾರ್ಖಾನೆಯ ಮುಷ್ಕರದಲ್ಲಿ ಗುಂಡು ಹಾರಿ ಕಾರ್ಮಿಕರ ಪ್ರಾಣಹಾನಿಯಾಯಿತು. ದಿನಕ್ಕೆ 12 ಗಂಟೆ ಬೆವರು ಹರಿಸಿದವನಿಗೆ ಓದಲು ಬಿಡುವೆಲ್ಲಿ? ಶರಣರ ದೃಷ್ಟಿ ಇಲ್ಲಿ ನಿಷ್ಠುರವಾದುದು. ಕಾಯಕ ಶುದ್ಧವಾಗಿದ್ದರೆ ಮಾತ್ರ ಅದರ ಫಲ ದಾಸೋಹವಾಗುತ್ತದೆ. ಇಲ್ಲದಿದ್ದರೆ ಅದು ದಾನ ಮಾತ್ರ. ಕಾರ್ನೆಗಿಯ ಕರಾರನ್ನು ಕಲಿಯೋಣ, ಗಳಿಕೆಯ ರೀತಿಯನ್ನಲ್ಲ.

ಪರರ ತಪ್ಪನ್ನು ಎಣಿಸುವ ಮುನ್ನ ನಮ್ಮದನ್ನು ಹೇಳಿಕೊಳ್ಳಬೇಕು. ಹಲವು ವರ್ಷಗಳ ಹಿಂದೆ ಒಂದು ಹಳ್ಳಿಯಲ್ಲಿ ಭಕ್ತರೊಬ್ಬರು ತಾಯಿಯ ಸ್ಮರಣಾರ್ಥ ಗ್ರಂಥಾಲಯದ ಕೊಠಡಿ ಕಟ್ಟಿಸಿದರು. ಅಂದು ವೇದಿಕೆಯಲ್ಲಿ ಕುಳಿತು ಜ್ಞಾನದಾಸೋಹವನ್ನು ಕೊಂಡಾಡಿದವರಲ್ಲಿ ನಾವೂ ಒಬ್ಬರು. ಮರಳಿ ಅತ್ತ ಹೋದಾಗ ಬಾಗಿಲಿಗೆ ಬೀಗ, ಒಳಗೆ ಗೆದ್ದಲು. ಹೆಸರಿನ ಕಲ್ಲು ಮಾತ್ರ ಹೊಸದರಂತೆ ಹೊಳೆಯುತ್ತಿತ್ತು. ಮುಂದಿನ ವರ್ಷದ ಪುಸ್ತಕಕ್ಕೆ ಹಣವೆಲ್ಲಿ, ಬೀಗದ ಕೈ ಯಾರ ಬಳಿ ಎಂದು ಅಂದು ನಾವು ಕೇಳಲಿಲ್ಲ. ಆ ಮೌನದಲ್ಲಿ ನಮ್ಮ ಪಾಲೂ ಇದೆ.

ಊರಿನ ಪಾಲನ್ನು ನಮ್ಮ ನಾಡು ಕಾನೂನಿನಲ್ಲೇ ಇರಿಸಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ಆಸ್ತಿ ತೆರಿಗೆಯೊಡನೆ ಗ್ರಂಥಾಲಯ ಕರವನ್ನೂ ನಾವು ಸಲ್ಲಿಸುತ್ತೇವೆ. ಹೀಗಿರುವಾಗ ಗ್ರಂಥಾಲಯವು ಯಾರದೋ ಕೃಪೆಯಲ್ಲ, ನಮ್ಮ ಸ್ವತ್ತು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳಿಗೆ ಇಂದು ಅರಿವು ಕೇಂದ್ರವೆಂಬ ಹೆಸರೂ ಬಂದಿದೆ. ಅರಿವೇ ಗುರುವೆಂದು ನಂಬಿದ ನಾವು ಆ ಹೆಸರಿನ ಬಾಗಿಲನ್ನು ವರ್ಷಕ್ಕೊಮ್ಮೆಯಾದರೂ ದಾಟಿದ್ದೇವೆಯೆ?

ಮಾತಾಪಿತೃಗಳ ಸ್ಮರಣೆಗೆ ದತ್ತಿಯಿಡುವ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಹೊಸ ಕೊಠಡಿಗಿಂತ ಮೊದಲು ಇರುವ ಗ್ರಂಥಾಲಯವನ್ನು ಕಂಡುಬನ್ನಿ. ಮೂಲಧನ ಉಳಿದು, ಬಡ್ಡಿಯಿಂದ ಪ್ರತಿವರ್ಷ ಪುಸ್ತಕ ಬರುವಂತೆ ದತ್ತಿಯಿಡಿ. ಮಕ್ಕಳನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ಯಿರಿ. ಕಲ್ಲಿನ ಮೇಲಿನ ಹೆಸರನ್ನು ಓದುವವರು ಕೆಲವರು. ಪುಸ್ತಕವನ್ನು ಓದುವವರು ತಲೆಮಾರುಗಳವರೆಗೆ ಉಂಟು.