ಹುಳದ ಹೊಟ್ಟೆಯ ಗುಟ್ಟು ರೈತರಿಗೂ ತಿಳಿಯಲಿ

ಹುಳ ಸಾಯಲಿಲ್ಲ ಎಂದು ನಂಜನಗೂಡು, ತಿ. ನರಸೀಪುರದ ರೈತರು ಔಷಧಿ ಅಂಗಡಿಗೆ ಹೋದರೆ ಸಾಮಾನ್ಯವಾಗಿ ಸಿಗುವ ಸಲಹೆ: ‘ಟ್ಯಾಂಕಿಗೆ ಇನ್ನೊಂದು ಮುಚ್ಚಳ ಜಾಸ್ತಿ ಹಾಕಿ.’ ಈ ಸಲಹೆಯನ್ನು ನಾವು ಒಪ್ಪುವುದಿಲ್ಲ.

ಹಸುವಿನ ಹೊಟ್ಟೆಯಲ್ಲಿ ಹುಲ್ಲು ಕರಗಿಸುವ ಸೂಕ್ಷ್ಮಜೀವಿಗಳಿವೆ. ಹಾಗೆಯೇ ಹುಳದ ಹೊಟ್ಟೆಯಲ್ಲೂ ಬ್ಯಾಕ್ಟೀರಿಯಾಗಳಿವೆ. ಅವುಗಳಲ್ಲಿ ಕೆಲವು, ನಾವು ಹೊಡೆದ ವಿಷವನ್ನೇ ಒಡೆದುಹಾಕುತ್ತವೆ.

ಇದನ್ನು ಕಂಡದ್ದು ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳು, ಎಲೆಕೋಸು ತಿನ್ನುವ ವಜ್ರಬೆನ್ನಿನ ಪತಂಗದ ಹುಳದಿಂದ ಬ್ಯಾಕ್ಟೀರಿಯಾ ತೆಗೆದು ಪರೀಕ್ಷಿಸಿದರು. ಅವು ಅಸಿಫೇಟನ್ನು ಒಡೆಯುತ್ತಿದ್ದವು. ಇದು 2016ರಲ್ಲೇ ಪ್ರಕಟವಾಗಿದೆ.

ಜಪಾನಿನಲ್ಲಿ 2012ರಲ್ಲಿ ತಿಳಿದದ್ದು ಇನ್ನೂ ಗಂಭೀರ. ಅಲ್ಲಿ ಕಾಳಿನ ರಸ ಹೀರುವ ತಿಗಣೆ, ಫೆನಿಟ್ರೋಥಿಯಾನ್ ಒಡೆಯುವ ಬ್ಯಾಕ್ಟೀರಿಯಾವನ್ನು ಮಣ್ಣಿನಿಂದಲೇ ಪಡೆದು ಆ ಔಷಧಿಯನ್ನು ತಡೆದುಕೊಂಡಿತು. ಅದೇ ಔಷಧಿಯನ್ನು ಪದೇ ಪದೇ ಹಾಕಿದ ಮಣ್ಣಿನಲ್ಲಿ ಅಂಥ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಅದೇ ಜಾತಿಯ ತಿಗಣೆ ನಮ್ಮ ಅಲಸಂದೆಗೂ ಬೀಳುತ್ತದೆ.

ಔಷಧಿ ಸೋಲಲು ಇದೊಂದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಹುಳದ ಮೈಯೂ ವಿಷಕ್ಕೆ ಒಗ್ಗಿಕೊಳ್ಳುತ್ತದೆ. ಕಾರಣ ಯಾವುದೇ ಇರಲಿ, ಸೋತ ಔಷಧಿಯನ್ನೇ ಹೆಚ್ಚು ಸುರಿದರೆ ಹುಳ ತಿನ್ನುವ ಜೇಡ, ಗುಲಗಂಜಿ ಹುಳ ಸಾಯುತ್ತವೆ. ಅಂಗಡಿ ಸಾಲ ಬೆಳೆಯುತ್ತದೆ.

ಬ್ಯಾಕ್ಟೀರಿಯಾವನ್ನು ನಮ್ಮ ಕಡೆಗೆ ದುಡಿಸಿಕೊಳ್ಳಲೂ ಸಾಧ್ಯ. ಭತ್ತದ ಕಂದು ಜಿಗಿಹುಳಕ್ಕೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಸೇರಿಸಿ, ಅದು ಪೈರಿಗೆ ವೈರಸ್ ಹರಡುವುದನ್ನು ತಗ್ಗಿಸಬಹುದೆಂದು ಚೀನಾ, ಅಮೆರಿಕದ ವಿಜ್ಞಾನಿಗಳು 2020ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದರು. ಅದಿನ್ನೂ ಹೊಲಕ್ಕೆ ಕೊಂಡು ತರುವ ಸರಕಲ್ಲ. ಹುಳದ ಬ್ಯಾಕ್ಟೀರಿಯಾ ಕೊಲ್ಲುತ್ತೇವೆಂದು ಟ್ಯಾಂಕಿಗೆ ಆ್ಯಂಟಿಬಯಾಟಿಕ್ ಬೆರೆಸುವುದೂ ಬೇಡ.

ನಮ್ಮ ಒತ್ತಾಯ ಇಷ್ಟು. ಕಬಿನಿ ನಾಲೆಯ ಭತ್ತ, ಮಳೆ ಹೊಲದ ಅಲಸಂದೆ ಮತ್ತು ಹತ್ತಿಯ ಹುಳಗಳನ್ನು ಹೆಬ್ಬಾಳದಲ್ಲಿ ಪರೀಕ್ಷಿಸಬೇಕು. ಯಾವ ಹುಳ ಯಾವ ಔಷಧಿಗೆ ಬಗ್ಗುತ್ತಿಲ್ಲ ಎಂಬ ಪಟ್ಟಿ ಪ್ರತಿ ಹಂಗಾಮಿಗೆ ಮುಂಚೆ ಸುತ್ತೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ, ಹೋಬಳಿಯ ರೈತ ಸಂಪರ್ಕ ಕೇಂದ್ರಗಳಲ್ಲಿ ಕನ್ನಡದಲ್ಲೇ ಇರಬೇಕು. ತೆರಿಗೆ ದುಡ್ಡಿನ ಸಂಶೋಧನೆ ಇಂಗ್ಲಿಷ್ ಪತ್ರಿಕೆಯೊಳಗೇ ಉಳಿದರೆ ರೈತನಿಗೇನು ಬಂತು?

ಅಲ್ಲಿಯವರೆಗೆ ಡಬ್ಬಿಯ ಬಣ್ಣ ನೋಡಬೇಡಿ, ಒಳಗಿನ ಔಷಧಿಯ ಹೆಸರು ಓದಿ. ಕಂಪನಿ ಬದಲಾದರೂ ಔಷಧಿ ಅದೇ ಇರಬಹುದು. ‘ಇನ್ನೊಂದು ಮುಚ್ಚಳ’ ಎಂದವರನ್ನು ಕೇಳಿ: ಮೊದಲ ಮುಚ್ಚಳ ಯಾಕೆ ಸೋತಿತು?