ಧರ್ಮಸ್ಥಳದ ದಾರಿಗೆ ಮೊದಲು ತುರುವೇಕೆರೆಯ ದಾರಿ



ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆದುಕೊಂಡು ಹೋಗಬೇಕೆಂಬ ಆಸೆ ನಮ್ಮ ಕಡೆಯ ಎಷ್ಟೋ ಹೆಂಗಸರಿಗೆ ಇದೆ. ಮೊದಲೆಲ್ಲ ಗಂಡಸರು ಹೊರಡುತ್ತಿದ್ದರು, ನಾವು ಅವರ ಚೀಲಕ್ಕೆ ಕೋಡುಬಳೆ ಕಟ್ಟಿಕೊಟ್ಟು ಬಾಗಿಲಲ್ಲಿ ನಿಂತು ಕಳಿಸುತ್ತಿದ್ದೆವು. ಈಗ ನಾವೂ ಹೊರಡುತ್ತೇವೆ, ಬಹಳ ಸಂತೋಷ. ಆದರೆ ಸಂಕ್ರಾಂತಿಗೆ ಎಳ್ಳು ಬೀರುವಾಗ "ಈ ಸಲ ಹೋಗಣ ಕಣಕ್ಕಾ" ಎಂದು ಮಾತಾಡಿಕೊಂಡು, ಇನ್ನು ವಾರವಿದೆ ಎನ್ನುವಾಗ ಹೊಸ ಬೂಟು ಕೊಂಡು ಹೊರಟುಬಿಡುವುದಿದೆಯಲ್ಲ, ಆ ಬಗ್ಗೆ ನಾಲ್ಕು ಮಾತು ಹೇಳಬೇಕೆನಿಸಿತು.

ಮೊದಲು ಪಂಚಾಂಗ ನೋಡಿ. 2025ರಲ್ಲಿ ಶಿವರಾತ್ರಿ ಫೆಬ್ರವರಿ 26ಕ್ಕೆ ಬಂತು, 2026ರಲ್ಲಿ ಫೆಬ್ರವರಿ 15ಕ್ಕೇ ಬಂತು. ಸಂಕ್ರಾಂತಿಯಿಂದ ಲೆಕ್ಕ ಹಾಕಿದರೆ ಒಂದು ವರ್ಷ ಆರು ವಾರ ಸಿಕ್ಕರೆ ಇನ್ನೊಂದು ವರ್ಷ ಒಂದೇ ತಿಂಗಳು. ಅದಕ್ಕೇ ಕಾರ್ತೀಕದ ದೀಪ ಮುಗಿಯುತ್ತಿದ್ದಂತೆ ಕಾಲಿಗೆ ಕೆಲಸ ಕೊಡಬೇಕು.

ತಿಪಟೂರಿನಿಂದ ಅರಸೀಕೆರೆ, ಜಾವಗಲ್, ಹಳೇಬೀಡು, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಅಲ್ಲಿಂದ ಚಾರ್ಮಾಡಿ ಘಾಟಿ ಇಳಿದು ಉಜಿರೆ, ಧರ್ಮಸ್ಥಳ. ಹತ್ತಿರ ಹತ್ತಿರ 170ರಿಂದ 180 ಕಿ.ಮೀ. ಆರು ದಿನಕ್ಕೆ ಹಂಚಿದರೆ ದಿನಕ್ಕೆ 30 ಕಿ.ಮೀ. ಬೀಳುತ್ತದೆ. "ಅಯ್ಯೋ, ಅಡಿಗೆಮನೆಯಿಂದ ಹಿತ್ತಿಲಿಗೆ ನಾವು ನಡೆಯೋದೇ ಅಷ್ಟಾಗುತ್ತೆ ಬಿಡ್ರಿ" ಎನ್ನುವವರಿದ್ದಾರೆ. ಆಗುವುದಿಲ್ಲ, ತಾಯಿ. ಮನೆಯಲ್ಲಿ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತೇವೆ, ತಿರುಗುತ್ತೇವೆ, ಬರಿಗಾಲಲ್ಲಿರುತ್ತೇವೆ. ಟಾರು ರಸ್ತೆಯಲ್ಲಿ ಒಂದೇ ಸಮನೆ ಸಾವಿರಾರು ಹೆಜ್ಜೆ ಹಾಕುವಾಗ ಪಾದದ ಅದೇ ಜಾಗ ಮತ್ತೆ ಮತ್ತೆ ಉಜ್ಜುತ್ತದೆ. ಅಲ್ಲೇ ಬೊಬ್ಬೆ ಏಳುವುದು.

ಮೊದಲ ವಾರ ಬೆಳಿಗ್ಗೆ ಹಾಲು ಕರೆದಾದ ಮೇಲೆ 4 ಕಿ.ಮೀ. ಸಾಕು. ವಾರಕ್ಕೆ ಒಂದೊಂದು ಕಿ.ಮೀ. ಏರಿಸಿ. ವಾರದಲ್ಲೊಂದು ದಿನ ಉದ್ದದ ನಡಿಗೆ, ಒಂದು ದಿನ ಪೂರಾ ವಿಶ್ರಾಂತಿ. ನಮ್ಮದು ಬಯಲು ಸೀಮೆ, ಇಳಿಜಾರಿನ ಅಭ್ಯಾಸವಿಲ್ಲ. ಚಾರ್ಮಾಡಿಯಲ್ಲಿ ಇಳಿಯುವಾಗ ಬೆರಳ ತುದಿ ಬೂಟಿಗೆ ಬಡಿದು ಉಗುರು ಕಪ್ಪಾಗುತ್ತದೆ, ಮಂಡಿ ಅಳುತ್ತದೆ. ತಿಪಟೂರಿನ ಕಡೆಯವರು ಹತ್ಯಾಳು ಬೆಟ್ಟವನ್ನು ಎರಡು ಮೂರು ಸಲ ಹತ್ತಿ ಇಳಿಯಿರಿ. ಚಿಕ್ಕನಾಯಕನಹಳ್ಳಿಯವರಿಗೆ ಮದಲಿಂಗನ ಕಣಿವೆ ಇದೆ. ಹತ್ತುವುದಕ್ಕಿಂತ ಇಳಿಯುವುದನ್ನು ಗಮನಿಸಿ ಮಾಡಿ.

ಇನ್ನು ತಾಲೀಮು ನಡಿಗೆ. ನನ್ನ ಪ್ರಕಾರ ಇದೊಂದನ್ನು ಬಿಟ್ಟವರು ಯಾತ್ರೆಯನ್ನೂ ಬಿಡುವುದು ವಾಸಿ. ಹೊರಡುವುದಕ್ಕೆ ಎರಡು ವಾರ ಮೊದಲು ಗುಂಪಿನವರೆಲ್ಲ ಸೇರಿ ತಿಪಟೂರಿನಿಂದ ತುರುವೇಕೆರೆಗೆ ನಡೆಯಿರಿ. ಸುಮಾರು 26 ಕಿ.ಮೀ. ಅದೇ ಬೂಟು, ಅದೇ ಕಾಲುಚೀಲ, ಅದೇ ಬಟ್ಟೆ, ಬೆನ್ನಿಗೆ ಅದೇ ಚೀಲ, ಅದರೊಳಗೆ ಅದೇ ಸಾಮಾನು. ಬೆಳಗಿನ ಜಾವ ನಾಲ್ಕಕ್ಕೆ ಹೊರಟು, ಬಿಸಿಲು ಬಲಿಯುವ ಮೊದಲು ಬೇಟೆರಾಯಸ್ವಾಮಿ ಗುಡಿ ಮುಟ್ಟಿದರೆ ಸರಿ. ಸುಸ್ತಾದವರಿಗೆ ಬಸ್ಸು ಸಿಗುವ ದಾರಿ, ಅದಕ್ಕೇ ಇದನ್ನು ಹೇಳುತ್ತಿದ್ದೇನೆ. ರಾತ್ರಿ ಅಲ್ಲೇ ನೆಂಟರ ಮನೆಯಲ್ಲಿ ಮಲಗಿ. ತುರುವೇಕೆರೆಯಲ್ಲಿ ನೆಂಟರಿಲ್ಲದ ತಿಪಟೂರಿನವರು ಯಾರಿದ್ದಾರೆ? ಮಾರನೆಯ ದಿನ ಎದ್ದು ವಾಪಸು ಅರ್ಧ ದಾರಿಯಾದರೂ ನಡೆಯಿರಿ. ಮೊದಲ ದಿನ ಉತ್ಸಾಹದಲ್ಲಿ ಎಲ್ಲರೂ ನಡೆಯುತ್ತಾರೆ. ನಿಜ ಹೇಳುವುದು ಎರಡನೆಯ ದಿನದ ಬೆಳಗ್ಗೆ, ಹಾಸಿಗೆಯಿಂದ ಪಾದ ನೆಲಕ್ಕಿಟ್ಟಾಗ.

ಅಲ್ಲಿ ಗೊತ್ತಾಗುವುದೆಲ್ಲ ಚಿಕ್ಕ ಚಿಕ್ಕ ವಿಷಯವೇ. ಲಂಗದ ಲಾಡಿ ಸೊಂಟ ಕೊರೆಯುತ್ತದೆಯೇ? ತೊಡೆ ಉಜ್ಜುತ್ತದೆಯೇ? (ಹೊರಡುವ ಮೊದಲು ಕೊಬ್ಬರಿ ಎಣ್ಣೆ ಸವರಿ, ನಮ್ಮೂರಿನವರಿಗೆ ಇದನ್ನು ಹೇಳಿಕೊಡಬೇಕೆ!) ಸಾಯಂಕಾಲಕ್ಕೆ ಪಾದ ಊದುವುದರಿಂದ ಬೂಟು ಬಿಗಿಯಾಗುತ್ತದೆಯೇ? ಬೂಟನ್ನು ಬೆಳಿಗ್ಗೆ ಕೊಳ್ಳಬೇಡಿ, ಸಂಜೆ ಕಾಲುಚೀಲ ಹಾಕಿಕೊಂಡು ಹೋಗಿ ಕೊಳ್ಳಿ. ಕಾಲು ಎಲ್ಲಿ ಚುರುಗುಟ್ಟಿತೋ ಅಲ್ಲೇ ನಿಂತು ಪ್ಲಾಸ್ಟರ್ ಪಟ್ಟಿ ಅಂಟಿಸಿ. "ಮುಂದಿನ ಊರು ಬರಲಿ" ಎನ್ನಬೇಡಿ. ಬೊಬ್ಬೆ ಎದ್ದುಬಿಟ್ಟರೆ ಚರ್ಮ ಕೀಳಬೇಡಿ.

ತಾಲೀಮು ಕಾಲಿಗೆ ಮಾತ್ರವಲ್ಲ, ಮನೆಗೂ ಹೌದು. ಆ ಎರಡು ದಿನ ಮನೆಯನ್ನು ಪೂರಾ ಬೇರೆಯವರ ಕೈಗೆ ಕೊಟ್ಟು ಹೋಗಿ. ಸಾರು ಮಾಡಿಟ್ಟು ಹೋಗಬೇಡಿ. ಅತ್ತೆಯವರ ಬಿ.ಪಿ. ಮಾತ್ರೆ ಯಾವ ಡಬ್ಬಿಯಲ್ಲಿದೆ, ತೋಟಕ್ಕೆ ತ್ರೀಫೇಸ್ ಕರೆಂಟು ಬಂದಾಗ ಮೋಟಾರು ಹಾಕುವವರು ಯಾರು, ಹಸು ಕರೆಯುವವರು ಯಾರು, ಅಟ್ಟದ ಮೇಲಿನ ಕಾಯಿಗೆ ಇಲಿ ಬಿತ್ತೇ ಎಂದು ನೋಡುವವರು ಯಾರು, ಎಲ್ಲ ಆ ಎರಡು ದಿನದಲ್ಲಿ ಬಯಲಿಗೆ ಬರುತ್ತದೆ. ನಮ್ಮ ಗುಂಪಿನ ಒಬ್ಬರ ಮನೆಯಲ್ಲಿ ಮಧ್ಯಾಹ್ನಕ್ಕೇ ಫೋನು ಬಂತು: "ಲೇ, ಹುಣಿಸೇಹಣ್ಣು ಎಲ್ಲಿಟ್ಟಿದ್ದೀಯಾ?" ಆಕೆ ರಸ್ತೆ ಬದಿ ಕೂತು ನಕ್ಕು, "ಹುಡುಕ್ಕೊಳ್ಳಿ ಅಂದ್ರೆ, ಸಿಗುತ್ತೆ" ಎಂದರು. ಸಿಕ್ಕಿತು. ಬೇಲೂರಿನಲ್ಲಿದ್ದಾಗ ಅಂಥ ಫೋನು ಬಂದರೆ ನಗು ಬರುವುದಿಲ್ಲ, ಹಿಂದಿರುಗಿಬಿಡೋಣ ಎನ್ನಿಸುತ್ತದೆ. ಕಾಲು ಗಟ್ಟಿಯಿದ್ದೂ ಯಾತ್ರೆ ನಿಲ್ಲುವುದು ಹೀಗೆ.

ನೆದರ್‌ಲ್ಯಾಂಡ್ಸ್ ದೇಶದ ನೈಮೇಗನ್ ಎಂಬ ಊರಿನಲ್ಲಿ 1909ರಲ್ಲಿ ಶುರುವಾದ ನಾಲ್ಕು ದಿನದ ನಡಿಗೆಯೊಂದಿದೆ. ವಯಸ್ಸು ನೋಡಿ ದಿನಕ್ಕೆ 30, 40, 50 ಕಿ.ಮೀ. ಎಂದು ಗೊತ್ತುಮಾಡುತ್ತಾರೆ. 2006ರಲ್ಲಿ ಮೊದಲ ದಿನದ ಬಿಸಿಲಿಗೆ ನೂರಾರು ಜನ ಕುಸಿದರು, ಇಬ್ಬರು ತೀರಿಕೊಂಡರು. ಉಳಿದ ದಿನಗಳ ನಡಿಗೆಯನ್ನೇ ರದ್ದು ಮಾಡಿದರು. ತಂಪು ದೇಶದವರ ಕಥೆಯೇ ಹೀಗಾದರೆ ನಮ್ಮ ಫೆಬ್ರವರಿ-ಮಾರ್ಚಿಯ ಬಿಸಿಲಿಗೆ ಹತ್ತು ಗಂಟೆಯ ಮೇಲೆ ರಸ್ತೆಯಲ್ಲಿರಬಾರದು. ಬೆಳಗಿನ ಜಾವ ಸ್ವಲ್ಪ, ಸಂಜೆ ನಾಲ್ಕರ ಮೇಲೆ ಸ್ವಲ್ಪ. ಕತ್ತಲಲ್ಲಿ ರಸ್ತೆಯ ಬಲಬದಿಯಲ್ಲಿ, ಎದುರಿಗೆ ಬರುವ ಲಾರಿ ಕಾಣುವ ಹಾಗೆ ಒಬ್ಬರ ಹಿಂದೊಬ್ಬರು ನಡೆಯಿರಿ. ಕೈಯಲ್ಲಿ ಟಾರ್ಚು, ಮೈಮೇಲೆ ತಿಳಿ ಬಣ್ಣದ ಬಟ್ಟೆ.

ನಾವು ಹೆಂಗಸರು ದಾರಿಯಲ್ಲಿ ಮಾಡುವ ಒಂದು ಅನಾಹುತವಿದೆ. ಶೌಚಕ್ಕೆ ಜಾಗ ಸಿಗುವುದಿಲ್ಲವೆಂದು ನೀರೇ ಕುಡಿಯುವುದಿಲ್ಲ. ಉರಿಮೂತ್ರ, ತಲೆಸುತ್ತು, ಕಾಲು ಹಿಡಿತ ಎಲ್ಲಕ್ಕೂ ಇದೇ ದಾರಿ. ನಾಚಿಕೆ ಬಿಡಿ. ಮೂವರು ಒಟ್ಟಿಗೆ ಹೋಗಿ, ಒಂದು ಹಳೆ ಸೀರೆ ಅಡ್ಡ ಹಿಡಿಯಿರಿ. ಬರೀ ನೀರು ಸಾಲದು, ಉಪ್ಪು ಹಾಕಿದ ಮಜ್ಜಿಗೆ ಬೇಕು. ತೀರಾ ಬಳಲಿದರೆ ಒಂದು ಲೀಟರ್ ನೀರಿಗೆ ಮಟ್ಟವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮುಟ್ಟು ಮುಂದೆ ಹಾಕುವ ಮಾತ್ರೆಯನ್ನು ಪಕ್ಕದ ಮನೆಯವರು ನುಂಗಿದರೆಂದು ನೀವೂ ನುಂಗಬೇಡಿ. ಅದು ಎಲ್ಲರಿಗೂ ಆಗಿಬರುವುದಿಲ್ಲ, ಡಾಕ್ಟರಮ್ಮನನ್ನು ಕೇಳಿ.

ಸಕ್ಕರೆ ಕಾಯಿಲೆಯವರಿಗೆ ಒಂದು ಮಾತನ್ನು ಗಟ್ಟಿಯಾಗಿಯೇ ಹೇಳುತ್ತೇನೆ: ಬರಿಗಾಲ ಹರಕೆ ಬೇಡ. ಕಾಯಿಲೆ ಹಳತಾದರೆ ಪಾದಕ್ಕೆ ಸ್ಪರ್ಶ ತಿಳಿಯುವುದು ಕಡಿಮೆಯಾಗುತ್ತದೆ. ಮುಳ್ಳು ಚುಚ್ಚಿದ್ದೂ ಗೊತ್ತಾಗುವುದಿಲ್ಲ. ನಮ್ಮ ಬೀದಿಯ ಹಿರಿಯಕ್ಕನೊಬ್ಬರು ಹಾಗೆ ಹೋಗಿ ಹಳೇಬೀಡಿನಿಂದ ಜೀಪಿನಲ್ಲಿ ವಾಪಸು ಬಂದರು. ಹೆಬ್ಬೆರಳ ಹುಣ್ಣು ಒಣಗುವಷ್ಟರಲ್ಲಿ ಯುಗಾದಿಯೂ ಆಗಿಹೋಗಿತ್ತು. ಮಂಜುನಾಥ ಬೂಟು ಹಾಕಿಕೊಂಡು ಬಂದವರನ್ನು ಬೇಡ ಎನ್ನುವವನಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಳ್ಳಿ. ನಡೆದಾಗ ಸಕ್ಕರೆ ಇಳಿಯುತ್ತದೆ. ಮಾತ್ರೆ, ಇನ್ಸುಲಿನ್ ಎಷ್ಟು ಎಂದು ಮೊದಲೇ ಡಾಕ್ಟರನ್ನು ಕೇಳಿ, ಸೆರಗಿನ ಗಂಟಿನಲ್ಲಿ ಎರಡು ಚೂರು ಬೆಲ್ಲ ಇರಲಿ.

ಕಟ್ಟಿಕೊಳ್ಳಲು ಹುರಿಹಿಟ್ಟಿಗಿಂತ ಒಳ್ಳೆಯದಿಲ್ಲ. ರಾಗಿ ಹುರಿಹಿಟ್ಟು 2 ಲೋಟ, ಹುರಿಗಡಲೆ ಪುಡಿ 1 ಲೋಟ, ಕೊಬ್ಬರಿ ತುರಿ 1 ಲೋಟ, ಪುಡಿ ಬೆಲ್ಲ ಒಂದೂವರೆ ಲೋಟ, ಹುರಿದ ಎಳ್ಳು ಒಂದು ಹಿಡಿ, ಏಲಕ್ಕಿ ನಾಲ್ಕು, ಚಿಟಿಕೆ ಉಪ್ಪು. ಹಸಿ ಕಾಯಿ ಹಾಕಲೇಬೇಡಿ, ಮಾರನೆ ದಿನಕ್ಕೆ ಹಳಸುತ್ತದೆ. ಒಣಗಿದ ಕೊಬ್ಬರಿ ಆರು ದಿನ ಏನೂ ಆಗುವುದಿಲ್ಲ. ನೀರು ಸೋಕಿಸದೆ ಬಿಸಿ ತುಪ್ಪದಲ್ಲೇ ಉಂಡೆ ಕಟ್ಟಿ. ಕಟ್ಟಲು ಬಾರದಿದ್ದರೆ ಪುಡಿಯಾಗಿಯೇ ಇಟ್ಟುಕೊಂಡು ದಾರಿಯಲ್ಲಿ ಮಜ್ಜಿಗೆಗೆ ಕಲಸಿ ಕುಡಿಯಿರಿ. ದಾರಿಯುದ್ದಕ್ಕೂ ಪುಣ್ಯಾತ್ಮರು ಪುಳಿಯೋಗರೆ, ಕೇಸರಿಬಾತು ಹಂಚುತ್ತಾರೆ. ಹಂಚಿದರೆಂದು ಎಲ್ಲ ಕಡೆಯೂ ಉಂಡರೆ ನಡೆಯಲಾಗುವುದಿಲ್ಲ.

ಚೀಲದ ತೂಕ 3 ಕಿಲೋ ದಾಟದಿರಲಿ. ತಕ್ಕಡಿ ಇಲ್ಲದಿದ್ದರೆ ಒಂದು ಕೈಯಲ್ಲಿ ಸುಲಿದ ಆರು ತೆಂಗಿನಕಾಯಿಯ ಚೀಲ, ಇನ್ನೊಂದು ಕೈಯಲ್ಲಿ ನಿಮ್ಮ ಯಾತ್ರೆಯ ಚೀಲ ಹಿಡಿದು ನೋಡಿ. ಯಾತ್ರೆಯದೇ ಜಗ್ಗಿದರೆ ಮೊದಲು ಆ ರೇಷ್ಮೆ ಸೀರೆ ತೆಗೆದಿಡಿ.